ಬೆಂಗಳೂರಿನ ಮ್ಯೂಸಿಯಂಗಳನ್ನು ನೋಡುವ ಕ್ರಮ: ಒಂದು ಸಮಗ್ರ ಮಾರ್ಗದರ್ಶಿ

ಊರಿನಿಂದ ನೆಂಟರು ಬಂದಾಗ ಅಥವಾ ಮಕ್ಕಳಿಗೆ ರಜೆ ಸಿಕ್ಕಾಗ ನಮ್ಮಲ್ಲಿ ಬಹುಪಾಲು ಮಂದಿ ಹಾಕಿಕೊಳ್ಳುವ ಯೋಜನೆ ಒಂದೇ ಬಗೆಯದು. ಬೆಳಿಗ್ಗೆ ಲಾಲ್‌ಬಾಗ್, ಅಲ್ಲಿಂದ ಟಿಪ್ಪು ಅರಮನೆ, ಊಟವಾದ ಮೇಲೆ ಕಬ್ಬನ್ ಪಾರ್ಕ್, ವಿಶ್ವೇಶ್ವರಯ್ಯ ಮ್ಯೂಸಿಯಂ, ಬಿಡುವಾದರೆ ಇನ್ನೂ ಒಂದೆರಡು. ಸಂಜೆ ಮನೆಗೆ ಬರುವಾಗ ಕಾಲು ಸೋತಿರುತ್ತದೆ, ನೋಡಿದ್ದೆಲ್ಲ ಒಂದರೊಳಗೊಂದು ಕಲಸಿಹೋಗಿರುತ್ತದೆ. ಈ ಮಾರ್ಗದರ್ಶಿ ಬೇರೊಂದು ಕ್ರಮವನ್ನು ಸೂಚಿಸುತ್ತದೆ: ಅರ್ಧ ದಿನಕ್ಕೆ ಒಂದು ಪ್ರದೇಶ, ಒಂದು ಮ್ಯೂಸಿಯಂನಲ್ಲಿ ಮೂರೋ ನಾಲ್ಕೋ ವಸ್ತು, ಆ ವಸ್ತುಗಳ ಮುಂದೆ ಸಾವಕಾಶವಾಗಿ ನಿಲ್ಲುವುದು. ಕನ್ನಡ ಓದಬಲ್ಲವರಿಗೆ ಈ ನಗರದಲ್ಲಿ ದೊಡ್ಡದೊಂದು ಅನುಕೂಲವಿದೆ. ಇಲ್ಲಿನ ಅತ್ಯಂತ ಹಳೆಯ ಪ್ರದರ್ಶನವಸ್ತುಗಳಲ್ಲಿ ಕೆಲವು ನಮ್ಮ ಭಾಷೆಯಲ್ಲೇ ಮಾತನಾಡುತ್ತವೆ. ಆದ್ದರಿಂದಲೇ ನಾನು ಎಲ್ಲರಿಗೂ ಕಲ್ಲುಗಳಿಂದ ಆರಂಭಿಸಿ ಎಂದು ಹೇಳುತ್ತೇನೆ.

ಹಂತ 1: ದಿನವನ್ನು ಆರಿಸಿಕೊಳ್ಳಿ

ಸೋಮವಾರವನ್ನು ಬಿಟ್ಟುಬಿಡಿ. ಸರ್ಕಾರಿ ವಸ್ತುಸಂಗ್ರಹಾಲಯ, ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ, ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, ಜವಾಹರಲಾಲ್ ನೆಹರು ತಾರಾಲಯ, ಜೆ.ಪಿ. ನಗರದ ಸಂಗೀತ ಸಂಗ್ರಹಾಲಯ ಇವೆಲ್ಲಕ್ಕೂ ವಾಡಿಕೆಯಂತೆ ಸೋಮವಾರವೇ ರಜೆ. ಸೋಮವಾರ ಬಿಟ್ಟರೆ ಬೇರೆ ದಿನವಿಲ್ಲ ಎನ್ನುವವರು ಲಾಲ್‌ಬಾಗ್, ಟಿಪ್ಪುವಿನ ಬೇಸಿಗೆ ಅರಮನೆ ಮತ್ತು ವಿಶ್ವೇಶ್ವರಯ್ಯ ಮ್ಯೂಸಿಯಂಗಳನ್ನು ಆ ದಿನಕ್ಕೆ ಇಟ್ಟುಕೊಳ್ಳಬಹುದು. ಶನಿವಾರ, ಭಾನುವಾರಗಳಲ್ಲಿ ವಿಜ್ಞಾನದ ಮ್ಯೂಸಿಯಂ ಕಿಕ್ಕಿರಿದು ತುಂಬಿರುತ್ತದೆ, ಕಲಾ ಗ್ಯಾಲರಿಗಳಲ್ಲಿ ಅಷ್ಟು ಜನಸಂದಣಿ ಇರುವುದಿಲ್ಲ. ಹಾಗಾಗಿ ವಿಜ್ಞಾನವನ್ನು ವಾರದ ನಡುವಿಗೂ ಕಲೆಯನ್ನು ವಾರದ ಕೊನೆಗೂ ಇಟ್ಟುಕೊಳ್ಳುವುದು ಒಳ್ಳೆಯದು.

ಹೊರಡುವ ಹಿಂದಿನ ದಿನ ದೂರವಾಣಿ ಮಾಡಿಯೋ ಜಾಲತಾಣ ನೋಡಿಯೋ ಬಾಗಿಲು ತೆರೆದಿದೆಯೆಂದು ಖಚಿತಪಡಿಸಿಕೊಳ್ಳಿ. ಹಳೆಯ ಕಟ್ಟಡಗಳಾದ್ದರಿಂದ ದುರಸ್ತಿಗೆಂದು ಕೆಲವು ವಿಭಾಗಗಳನ್ನು, ಕೆಲವೊಮ್ಮೆ ಇಡೀ ಕಟ್ಟಡವನ್ನೇ ತಿಂಗಳುಗಟ್ಟಲೆ ಮುಚ್ಚುವುದುಂಟು. ಹಾಗೆ ವಿಚಾರಿಸುವಾಗ ಇನ್ನೊಂದು ಸಂಗತಿಯನ್ನೂ ತಿಳಿದುಕೊಳ್ಳಿ: ಈಗ ಯಾವ ತಾತ್ಕಾಲಿಕ ಪ್ರದರ್ಶನ ನಡೆಯುತ್ತಿದೆ, ಅದು ಎಂದು ಮುಗಿಯುತ್ತದೆ? ಶಾಶ್ವತ ಸಂಗ್ರಹ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ತಾತ್ಕಾಲಿಕ ಪ್ರದರ್ಶನ ಮುಗಿದ ಮೇಲೆ ಅದರ ವಸ್ತುಗಳು ಉಗ್ರಾಣಕ್ಕೋ, ಕೊಟ್ಟವರ ಊರಿಗೋ ಹಿಂದಿರುಗುತ್ತವೆ, ಮತ್ತೆ ಒಟ್ಟಿಗೆ ಕಾಣಸಿಗುವುದು ಅಪರೂಪ. ಎರಡರಲ್ಲಿ ಒಂದನ್ನು ಆರಿಸಬೇಕಾದಾಗ ತಾತ್ಕಾಲಿಕವಾದದ್ದಕ್ಕೇ ಮೊದಲ ಸಮಯ ಕೊಡಿ.

ಹಂತ 2: ನಗರವನ್ನು ತುಂಡುಗಳಾಗಿ ನೋಡಿ

ಬೆಂಗಳೂರಿನಲ್ಲಿ ದಣಿವಾಗುವುದು ನೋಡುವುದರಿಂದಲ್ಲ, ಒಂದು ಸ್ಥಳದಿಂದ ಇನ್ನೊಂದಕ್ಕೆ ಹೋಗುವುದರಿಂದ. ಅದೃಷ್ಟಕ್ಕೆ ಮುಖ್ಯ ಮ್ಯೂಸಿಯಂಗಳು ಗುಂಪುಗುಂಪಾಗಿವೆ. ಕಸ್ತೂರಬಾ ರಸ್ತೆಯಲ್ಲಿ ನಾಲ್ಕು ಸಂಸ್ಥೆಗಳು ನಡೆದು ಹೋಗುವಷ್ಟು ಹತ್ತಿರದಲ್ಲಿವೆ, ನೇರಳೆ ಮಾರ್ಗದ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಸಾಕು. ಕೋಟೆ ಮತ್ತು ಟಿಪ್ಪುವಿನ ಅರಮನೆ ಹಸಿರು ಮಾರ್ಗದ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದ ಪಕ್ಕದಲ್ಲಿವೆ, ಅದೇ ಮಾರ್ಗದಲ್ಲಿ ಮುಂದೆ ಲಾಲ್‌ಬಾಗ್ ಸಿಗುತ್ತದೆ. ಅರಮನೆ ರಸ್ತೆಯ ಆಧುನಿಕ ಕಲಾ ಸಂಗ್ರಹಾಲಯ ಮತ್ತು ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು ಮೂರನೆಯ ಗುಂಪು. ಹಳೆಯ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ಸಂಗ್ರಹಾಲಯ ಒಂಟಿಯಾಗಿ ದೂರದಲ್ಲಿದೆ, ಅದಕ್ಕೆ ಅರ್ಧ ದಿನವನ್ನು ಬೇರೆಯಾಗಿಯೇ ತೆಗೆದಿಡಬೇಕು.

ಹಂತ 3: ಸರ್ಕಾರಿ ವಸ್ತುಸಂಗ್ರಹಾಲಯದ ಕಲ್ಲುಗಳು

ಕಸ್ತೂರಬಾ ರಸ್ತೆಯ ಈ ಮ್ಯೂಸಿಯಂ ಆರಂಭವಾದದ್ದು 1865ರಲ್ಲಿ. ಅದಕ್ಕೂ ಮೊದಲು ಮದರಾಸಿನಲ್ಲಿ ವಸ್ತುಸಂಗ್ರಹಾಲಯ ಕಟ್ಟಿದ್ದ ವೈದ್ಯ ಎಡ್ವರ್ಡ್ ಬಾಲ್ಫರ್ ಇದರ ಪ್ರೇರಕ, ಆಗ ಮೈಸೂರಿನ ಮುಖ್ಯ ಆಯುಕ್ತನಾಗಿದ್ದವನು ಲೂಯಿ ಬೌರಿಂಗ್. ಮೊದಲು ದಂಡು ಪ್ರದೇಶದಲ್ಲಿದ್ದ ಸಂಗ್ರಹ ಕೆಲವು ವರ್ಷಗಳ ಬಳಿಕ ಈಗಿನ ಕೆಂಪು ಕಟ್ಟಡಕ್ಕೆ ಬಂತು, ಮೊದಲಿದ್ದ ಜಾಗದ ನೆನಪು ಮ್ಯೂಸಿಯಂ ರಸ್ತೆ ಎಂಬ ಹೆಸರಿನಲ್ಲಿ ಉಳಿದಿದೆ. ಕಟ್ಟಡದ ವಿನ್ಯಾಸ ಕಬ್ಬನ್ ಪಾರ್ಕನ್ನು ರೂಪಿಸಿದ ರಿಚರ್ಡ್ ಸ್ಯಾಂಕಿಯದು. ಒಳಗೆ ಹೊಯ್ಸಳ ಶಿಲ್ಪಗಳು, ನಾಣ್ಯಗಳು, ಚಂದ್ರವಳ್ಳಿಯ ಉತ್ಖನನದ ವಸ್ತುಗಳು, ಮೈಸೂರು ಮತ್ತು ತಂಜಾವೂರು ಶೈಲಿಯ ಚಿತ್ರಗಳು ಇವೆ. ಅವೆಲ್ಲವನ್ನೂ ಆಮೇಲೆ ನೋಡಬಹುದು. ಮೊದಲು ಆತಕೂರಿನ ಕಲ್ಲು ಎಲ್ಲಿದೆ ಎಂದು ಸಿಬ್ಬಂದಿಯನ್ನು ಕೇಳಿ.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದ ಈ ಶಾಸನದ ಕಾಲ ಕ್ರಿ.ಶ. 949–50. ಇದರಲ್ಲಿ ಎರಡು ಕಥೆಗಳು ಹೆಣೆದುಕೊಂಡಿವೆ. ಒಂದು ಸಾಮ್ರಾಜ್ಯಗಳ ಕಥೆ: ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗ ಅರಸ ಬೂತುಗ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದದ್ದು. ದಕ್ಷಿಣ ಭಾರತದ ಇತಿಹಾಸ ಬರೆಯುವವರು ಆ ಯುದ್ಧಕ್ಕೆ ಆಧಾರವಾಗಿ ಈ ಕಲ್ಲನ್ನು ತಪ್ಪದೆ ಉಲ್ಲೇಖಿಸುತ್ತಾರೆ. ಇನ್ನೊಂದು ಒಂದು ನಾಯಿಯ ಕಥೆ. ಬೂತುಗನ ಕಡೆಯ ವೀರ ಮಣಲೇರ ತನ್ನ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಹೋರಾಡಿತು, ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಅಲ್ಲಿನ ಪೂಜೆ ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ಆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎಂದು ಶಾಸನ ಎಚ್ಚರಿಸುತ್ತದೆ. ಸಾವಿರ ವರ್ಷಗಳ ಹಿಂದೆ ಒಂದು ನಾಯಿಗೆ ಸಂದ ಇಂಥ ಗೌರವವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ನೋಡುವ ಕ್ರಮ ಹೀಗಿರಲಿ. ಮೊದಲು ಅಕ್ಷರಗಳ ಗೋಜಿಗೆ ಹೋಗದೆ ಚಿತ್ರ ನೋಡಿ: ನಾಯಿ ಯಾವುದು, ಹಂದಿ ಯಾವುದು, ಎರಡರ ಮೈಗಳೂ ಹೇಗೆ ಒಂದನ್ನೊಂದು ಎದುರಿಸಿವೆ ಎಂಬುದನ್ನು ಗಮನಿಸಿ. ಆಮೇಲೆ ಕಲ್ಲಿನ ಎದುರಿನಿಂದ ಸ್ವಲ್ಪ ಪಕ್ಕಕ್ಕೆ ಸರಿಯಿರಿ. ಬೆಳಕು ಓರೆಯಾಗಿ ಬೀಳುವ ಕೋನದಿಂದ ನೋಡಿದಾಗ ಕೊರೆದ ಗೆರೆಗಳಲ್ಲಿ ನೆರಳು ನಿಂತು ಅಕ್ಷರಗಳು ಎದ್ದು ಕಾಣುತ್ತವೆ. ಇಡೀ ಸಾಲು ಓದಲು ಹೋಗಬೇಡಿ, ಗುರುತಿಸಬಹುದಾದ ಒಂದು ಅಕ್ಷರವನ್ನು ಹುಡುಕಿ. ರ, ಗ, ನ ಮುಂತಾದವು ಇಂದಿನ ರೂಪಕ್ಕೆ ಹತ್ತಿರವಿದ್ದು ಬೇಗ ಸಿಗಬಹುದು. ಇಂದು ಬಳಕೆಯಲ್ಲಿಲ್ಲದ ಱ ಮತ್ತು ೞ ಅಕ್ಷರಗಳು ಹಳಗನ್ನಡದಲ್ಲಿ ಇದ್ದವೆಂಬುದು ನೆನಪಿನಲ್ಲಿರಲಿ. ಪಾಠವನ್ನು ಮುಂಚೆಯೇ ಓದಿಕೊಂಡು ಹೋದರೆ ಕೆಲಸ ಇನ್ನೂ ಸುಲಭ: ಕರ್ನಾಟಕದ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ಅದರಿಂದ ಮುದ್ರಿತ ಪಾಠದ ಒಂದು ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡು ಕಲ್ಲಿನ ಮುಂದೆ ನಿಂತರೆ ಹತ್ತು ನಿಮಿಷದಲ್ಲಿ ಒಂದೆರಡು ಪದಗಳಾದರೂ ದಕ್ಕುತ್ತವೆ. ಅಕ್ಷರದ ಮೇಲೆ ಬೆರಳು ಇಡಬೇಡಿ. ಕೈಯ ಬೆವರು ಮತ್ತು ಎಣ್ಣೆ ಕಲ್ಲಿಗೂ ಹಾನಿಯೇ.

ಎರಡನೆಯ ಕಲ್ಲು ಬೇಗೂರಿನ ವೀರಗಲ್ಲು. ಗಂಗ ಎರೆಯಪ್ಪನ ಕಾಲದಲ್ಲಿ ತುಂಬೆಪಾಡಿಯಲ್ಲಿ ನಡೆದ ಕದನದಲ್ಲಿ ಮಡಿದ ನಾಗತ್ತರನ ಸ್ಮಾರಕ ಇದು. ಇಲ್ಲಿ ಆನೆ, ಕುದುರೆ, ಕಾಲಾಳುಗಳ ಇಡೀ ರಣರಂಗವೇ ಕೆತ್ತನೆಯಲ್ಲಿದೆ. ಸಾಮಾನ್ಯ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ದೇವರ ಸನ್ನಿಧಿ. ಈ ಕ್ರಮವನ್ನು ಮೊದಲು ಮನಸ್ಸಿನಲ್ಲಿಟ್ಟುಕೊಂಡು ಮ್ಯೂಸಿಯಂನ ಇತರ ವೀರಗಲ್ಲುಗಳನ್ನು ನೋಡಿ ಬನ್ನಿ, ಬಳಿಕ ಬೇಗೂರಿನ ಕಲ್ಲಿಗೆ ಹಿಂದಿರುಗಿದರೆ ಅದು ಎಷ್ಟು ಬೇರೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಈ ಎರಡು ಕಲ್ಲುಗಳಿಗೇ ಒಂದು ಗಂಟೆ ಕೊಟ್ಟರೂ ಹೆಚ್ಚಲ್ಲ.

ಹಂತ 4: ಅದೇ ರಸ್ತೆಯ ಉಳಿದ ಮೂರು

ಪಕ್ಕದಲ್ಲೇ ವೆಂಕಟಪ್ಪ ಚಿತ್ರಶಾಲೆಯಿದೆ. ಕೆ. ವೆಂಕಟಪ್ಪನವರು (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯರಾಗಿದ್ದವರು, ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತವರು. ಅವರ ಊಟಿಯ ಜಲವರ್ಣ ಚಿತ್ರಗಳನ್ನು ಹತ್ತಿರದಿಂದ ನೋಡಿ, ಮಂಜು ಕವಿದ ಕಣಿವೆಯಲ್ಲಿ ಬಣ್ಣ ಎಷ್ಟು ತೆಳುವಾಗಿ ಹರಡಿದೆಯೆಂದರೆ ಕಾಗದವೇ ಬೆಳಕಾಗಿ ಕಾಣುತ್ತದೆ. ಪ್ಲಾಸ್ಟರ್ ಉಬ್ಬುಶಿಲ್ಪಗಳನ್ನು ಮಾತ್ರ ದೂರದಿಂದ ಆರಂಭಿಸಿ ಹತ್ತಿರಕ್ಕೆ ಬನ್ನಿ. ಚಿತ್ರಶಾಲೆಗಳಲ್ಲಿ ದೀಪ ಮಂಕಾಗಿದೆಯೆಂದು ಅನೇಕರು ಬೇಸರಪಡುತ್ತಾರೆ. ಕಾಗದ, ಬಟ್ಟೆ, ಜಲವರ್ಣಗಳು ಬೆಳಕಿಗೆ ಬಣ್ಣ ಕಳೆದುಕೊಳ್ಳುತ್ತವೆ, ಅದಕ್ಕಾಗಿ ಅವುಗಳ ಮೇಲೆ, ಬೆಳಕಿನ ಪ್ರಮಾಣ ಅಳೆಯುವ ಮಾನದಲ್ಲಿ, ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುವುದು ಮ್ಯೂಸಿಯಂಗಳ ರೂಢಿ. ಫ್ಲ್ಯಾಶ್ ಬಳಸಬಾರದೆಂಬ ನಿಯಮದ ಹಿಂದೆಯೂ ಇದೇ ಕಾಳಜಿಯಿದೆ. ಒಳಗೆ ಹೋದ ಮೇಲೆ ಎರಡು ಮೂರು ನಿಮಿಷ ಸುಮ್ಮನೆ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ.

ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಸಾರ್ವಜನಿಕರಿಗೆ ತೆರೆದದ್ದು 1965ರಲ್ಲಿ. ಮಕ್ಕಳೊಡನೆ ಹೋಗುವವರಿಗೆ ನನ್ನ ಸಲಹೆ ಎಂಜಿನ್ ವಿಭಾಗದಿಂದ ಆರಂಭಿಸಿ ಎಂಬುದು. ಗುಂಡಿ ಒತ್ತಿದಾಗ ಕೊಂತ (ಪಿಸ್ಟನ್) ಮೇಲೆ ಕೆಳಗೆ ಆಡುತ್ತದೆ, ಅದರ ನೇರ ಚಲನೆ ಚಕ್ರದ ಸುತ್ತಾಟವಾಗಿ ಬದಲಾಗುತ್ತದೆ. ಇದೊಂದನ್ನು ಮಗು ತಾನೇ ಬೆರಳಿಟ್ಟು ವಿವರಿಸುವವರೆಗೆ ಮುಂದಕ್ಕೆ ಹೋಗಬೇಡಿ. ರೈಟ್ ಸಹೋದರರ ವಿಮಾನದ ಪೂರ್ಣಗಾತ್ರದ ಪ್ರತಿಕೃತಿಯ ಮುಂದೆ ನಿಂತಾಗ ಚಾಲಕ ಎಲ್ಲಿ ಮಲಗುತ್ತಿದ್ದ, ರೆಕ್ಕೆ ಯಾವುದರಿಂದ ಮಾಡಿದ್ದು ಎಂದು ಕೇಳಿ. ಈ ಉತ್ತರ ಮುಂದೆ ಎಚ್‌ಎಎಲ್‌ಗೆ ಹೋದಾಗ ಉಪಯೋಗಕ್ಕೆ ಬರುತ್ತದೆ.

2023ರ ಫೆಬ್ರವರಿಯಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಯನ್ನು ಎಲ್ಲರೂ ಮ್ಯಾಪ್ ಎಂದೇ ಕರೆಯುತ್ತಾರೆ. ಹೊರಗೋಡೆಯ ಉಕ್ಕಿನ ಹಲಗೆಗಳು ನಮ್ಮ ಮನೆಗಳ ಮೇಲಿನ ನೀರಿನ ತೊಟ್ಟಿಯನ್ನು ನೆನಪಿಸುತ್ತವೆ. ಚಿತ್ರ, ಛಾಯಾಚಿತ್ರ, ಬಟ್ಟೆ, ಅಗ್ಗದ ಅಚ್ಚಿನ ಕ್ಯಾಲೆಂಡರ್ ಚಿತ್ರ, ಇವೆಲ್ಲಕ್ಕೂ ಸಮಾನ ಗೌರವ ಕೊಡುವುದು ಇದರ ವೈಶಿಷ್ಟ್ಯ. ಪ್ರದರ್ಶನಗಳು ಬದಲಾಗುತ್ತಿರುವುದರಿಂದ ವರ್ಷಕ್ಕೆ ಎರಡು ಬಾರಿ ಹೋದರೂ ಹೊಸದೇ ಸಿಗುತ್ತದೆ.

ಹಂತ 5: ಕೋಟೆಯಿಂದ ಲಾಲ್‌ಬಾಗ್‌ಗೆ

ಮಾರುಕಟ್ಟೆಯ ಗದ್ದಲ ಏರುವ ಮೊದಲೇ, ಬೆಳಿಗ್ಗೆ ಕೋಟೆಗೆ ಹೋಗಿ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ್ದು ಮಣ್ಣಿನ ಕೋಟೆ. ಹೈದರ್ ಅಲಿ 1761ರಲ್ಲಿ ಅದನ್ನು ಕಲ್ಲಿನಲ್ಲಿ ಕಟ್ಟಿಸಿದ. 1791ರ ಮಾರ್ಚ್ 21ರಂದು ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಸೈನ್ಯ ಗೋಡೆ ಒಡೆದು ಒಳನುಗ್ಗಿತು, ಒಡೆದ ಜಾಗವನ್ನು ಗುರುತಿಸುವ ಫಲಕ ಹತ್ತಿರದ ರಸ್ತೆಬದಿಯಲ್ಲಿದೆ. ಈಗ ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಸುತ್ತಲಿನ ಸ್ವಲ್ಪ ಭಾಗ ಮಾತ್ರ. ಅಲ್ಲಿಂದ ನಡೆದರೆ ಟಿಪ್ಪುವಿನ ಬೇಸಿಗೆ ಅರಮನೆ. ಹೈದರ್ 1781ರಲ್ಲಿ ಆರಂಭಿಸಿದ ಈ ತೇಗದ ಕಟ್ಟಡವನ್ನು ಟಿಪ್ಪು 1791ರಲ್ಲಿ ಮುಗಿಸಿದ, ಅಂದರೆ ಕೋಟೆ ಬಿದ್ದ ವರ್ಷವೇ. ಫಲಕಗಳನ್ನು ಓದುವ ಮೊದಲು ಮೇಲಂತಸ್ತಿಗೆ ಹೋಗಿ ಕಂಬ, ಕಮಾನು, ಬಣ್ಣ ಮಾಸಿದ ಗೋಡೆಗಳನ್ನು ನೋಡಿ. ಬ್ರಿಟಿಷರ ಕಾಲದಲ್ಲಿ ಮೈಸೂರು ಸರ್ಕಾರದ ಕಚೇರಿಗಳು 1868ರವರೆಗೆ ಇದೇ ಕಟ್ಟಡದಲ್ಲಿದ್ದವು. ಆಮೇಲೆ ಅವು ಕಬ್ಬನ್ ಪಾರ್ಕಿನ ಅಠಾರ ಕಚೇರಿಗೆ, ಎಂದರೆ ಇಂದಿನ ಹೈಕೋರ್ಟ್ ಕಟ್ಟಡಕ್ಕೆ ಹೋದವು. ಪಕ್ಕದ ಕೋಟೆ ವೆಂಕಟರಮಣ ದೇವಸ್ಥಾನ ಚಿಕ್ಕದೇವರಾಜ ಒಡೆಯರ ಕಾಲದ್ದು, ಅದನ್ನೂ ನೋಡಿ ಹೊರಡಿ.

ಲಾಲ್‌ಬಾಗ್‌ನಲ್ಲಿ ಎಲ್ಲರೂ ಗಾಜಿನ ಮನೆಯ ಕಡೆಗೆ ಹೋಗುತ್ತಾರೆ. ಅದರ ಅಡಿಗಲ್ಲು ಹಾಕಿದ್ದು 1889ರ ನವೆಂಬರ್ 30ರಂದು. ಜನವರಿ ಮತ್ತು ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನಗಳು ನಡೆಯುವುದು ಅಲ್ಲೇ. ಪ್ರದರ್ಶನಕ್ಕೆ ಹೋಗುವುದಾದರೆ ವಾರದ ನಡುವಿನ ದಿನ, ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು. ಆದರೆ ನನಗೆ ಲಾಲ್‌ಬಾಗಿನ ಅತಿ ದೊಡ್ಡ ಪ್ರದರ್ಶನವಸ್ತುವೆಂದರೆ ಅಲ್ಲಿನ ಬಂಡೆ. 300 ಕೋಟಿ ವರ್ಷ ಹಳೆಯದಾದ, ನೈಸ್ (gneiss) ಎಂಬ ಬಗೆಯ ಈ ಶಿಲೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದರ ಮೇಲೆ ಹರಿದಿರುವ ಬಿಳಿ, ಬೂದು ಪಟ್ಟೆಗಳನ್ನು ಬಗ್ಗಿ ನೋಡಿ, ಭೂಮಿಯೊಳಗಿನ ಶಾಖ ಮತ್ತು ಒತ್ತಡಕ್ಕೆ ಖನಿಜಗಳು ಬೇರೆಬೇರೆಯಾಗಿ ಸಾಲುಗಟ್ಟಿದ್ದರ ಗುರುತು ಅವು.

ಹಂತ 6: ಕಲೆಗೆ ಮೀಸಲಾದ ದಿನ

ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ 2009ರಲ್ಲಿ ಮಾಣಿಕ್ಯವೇಲು ಮಹಲಿನಲ್ಲಿ ಆರಂಭವಾಯಿತು. ಮರಗಳ ನಡುವಿನ ಹಳೆಯ ಬಂಗಲೆ, ಅದಕ್ಕೆ ಸೇರಿದ ಹೊಸ ಕಟ್ಟಡ, ಎರಡನ್ನೂ ನೋಡಬೇಕು. ಗೋಡೆಯ ಮೇಲಿನ ಚಿತ್ರದ ಹೆಸರಿನ ಚೀಟಿಯನ್ನು ಮೊದಲೇ ಓದಬೇಡಿ. ಚಿತ್ರವನ್ನು ಒಂದು ನಿಮಿಷ ನೋಡಿ, ನಿಮಗೆ ಕಂಡದ್ದನ್ನು ಜೊತೆಯವರಿಗೆ ಹೇಳಿ, ಆಮೇಲೆ ಚೀಟಿ ಓದಿ. ಮೊದಲ ಸಲ ಕಲಾ ಗ್ಯಾಲರಿಗೆ ಬಂದವರ ಸಂಕೋಚ ಕಳೆಯಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಮಧ್ಯಾಹ್ನ ಚಿತ್ರಕಲಾ ಪರಿಷತ್ತಿಗೆ ಹೋಗಿ. ರಷ್ಯದಿಂದ ಬಂದು ಹಿಮಾಲಯವನ್ನು ಮತ್ತೆ ಮತ್ತೆ ಚಿತ್ರಿಸಿದ ನಿಕೋಲಸ್ ರೋರಿಕ್ ಮತ್ತು ಅವರ ಮಗ, ಕನಕಪುರ ರಸ್ತೆಯ ತಾತಗುಣಿಯಲ್ಲಿ ಪತ್ನಿ, ನಟಿ ದೇವಿಕಾರಾಣಿಯವರೊಡನೆ ಬಾಳಿದ ಸ್ವೆತೊಸ್ಲಾವ್ ರೋರಿಕ್, ಇಬ್ಬರ ಚಿತ್ರಗಳೂ ಇಲ್ಲಿವೆ. ತಂದೆಯ ಪರ್ವತಗಳನ್ನು ಮೊದಲು ನೋಡಿ ಬಳಿಕ ಮಗನ ಮನುಷ್ಯರನ್ನು ನೋಡಿದರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಮೈಸೂರು ಶೈಲಿಯ ಚಿತ್ರಗಳಲ್ಲಿ ಚಿನ್ನದ ರೇಕು ಹಚ್ಚಿದ ಉಬ್ಬುಗೆಲಸವನ್ನು ಪಕ್ಕದಿಂದ ಗಮನಿಸಿ: ತಂಜಾವೂರಿನದಕ್ಕೆ ಹೋಲಿಸಿದರೆ ಇಲ್ಲಿ ಉಬ್ಬು ಬಹಳ ತೆಳು, ನಯ. ಆದರೆ ಹೆಚ್ಚಿನ ಸಮಯ ತೊಗಲುಗೊಂಬೆಗಳಿಗೆ ಇರಲಿ. ಕರ್ನಾಟಕದ ತೊಗಲುಗೊಂಬೆಗಳಲ್ಲಿ ಪಾತ್ರದ ಸ್ಥಾನಮಾನಕ್ಕೆ ತಕ್ಕಂತೆ ಗೊಂಬೆಯ ಗಾತ್ರವೂ ಬದಲಾಗುತ್ತದೆ, ರಾಜ ದೊಡ್ಡವನು, ಸೇವಕ ಚಿಕ್ಕವನು. ಹದಮಾಡಿದ ತೊಗಲು ಅರೆಪಾರದರ್ಶಕವಾಗಿರುವುದರಿಂದ ಅದರ ಬಣ್ಣ ನಿಜವಾಗಿ ಕಾಣುವುದು ಹಿಂದಿನಿಂದ ದೀಪದ ಬೆಳಕು ಹಾಯ್ದಾಗ. ಗೋಡೆಯ ಮೇಲೆ ತೂಗಿದ ಗೊಂಬೆ ನೋಡುವಾಗ ಕತ್ತಲು, ಪರದೆ, ಹಾಡು ಮೂರನ್ನೂ ನಾವೇ ಕಲ್ಪಿಸಿಕೊಳ್ಳಬೇಕು.

ಹಂತ 7: ವಿಮಾನಗಳ ಅಂಗಳ

ಎಚ್‌ಎಎಲ್ ಪರಂಪರೆ ಕೇಂದ್ರ ಮತ್ತು ವೈಮಾನಿಕ ಸಂಗ್ರಹಾಲಯ 2001ರಿಂದ ಇದೆ. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ, ಮುಂದೆ ಎಚ್‌ಎಎಲ್ ಆದ ವಿಮಾನ ಕಾರ್ಖಾನೆಯನ್ನು ಆರಂಭಿಸಿದ್ದು 1940ರಲ್ಲಿ. ಒಳಗಿನ ಛಾಯಾಚಿತ್ರಗಳನ್ನು ಕಾಲಕ್ರಮದಲ್ಲಿ ನೋಡಿಕೊಂಡು ಬಂದು ಆಮೇಲೆ ಹೊರಗಿನ ಅಂಗಳಕ್ಕೆ ಇಳಿಯಿರಿ. ಅಲ್ಲಿ ಹುಡುಕಬೇಕಾದದ್ದು ಮಾರುತ್ ಎಂಬ ಯುದ್ಧವಿಮಾನ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಇಲ್ಲಿಯೇ ವಿನ್ಯಾಸಗೊಂಡ ಇದು ಮೊದಲು ಹಾರಿದ್ದು 1961ರ ಜೂನ್ 17ರಂದು. ಚೂಪಾದ ಮೂಗು, ಹಿಂದಕ್ಕೆ ಬಾಗಿದ ರೆಕ್ಕೆಗಳನ್ನು ನೋಡಿದರೆ ಶಬ್ದದ ವೇಗ ಮೀರಲೆಂದೇ ರೂಪಿಸಿದ್ದು ಎಂದು ತಿಳಿಯುತ್ತದೆ. ತಕ್ಕಷ್ಟು ಬಲದ ಎಂಜಿನ್ ಸಿಗದೆ ಆ ಆಸೆ ಈಡೇರಲಿಲ್ಲ. ಆದರೂ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಇದು ಸೇವೆ ಸಲ್ಲಿಸಿತು. ಬಿಸಿಲಿನಲ್ಲಿ ನಿಲ್ಲಬೇಕಾದ ಜಾಗವಾದ್ದರಿಂದ ಬೆಳಗಿನ ಹೊತ್ತು, ಟೋಪಿ ಮತ್ತು ನೀರಿನೊಂದಿಗೆ ಹೋಗಿ.

ಹಂತ 8: ಬಿಡುವಿದ್ದರೆ

1989ರಲ್ಲಿ ಆರಂಭವಾದ ನೆಹರು ತಾರಾಲಯದಲ್ಲಿ ಕನ್ನಡದ ಪ್ರದರ್ಶನಗಳೂ ಇರುತ್ತವೆ, ಅವುಗಳ ವೇಳೆಯನ್ನು ಕೇಳಿಕೊಂಡೇ ಹೋಗಿ. ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್‌ಗೆ ಮೂರು ಗಂಟೆ ಬೇಕು, ಏಕೆಂದರೆ ಅಲ್ಲಿ ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಬಳ್ಳಾರಿ ರಸ್ತೆಯ ಸೈನ್ಸ್ ಗ್ಯಾಲರಿಯಲ್ಲಿ ಶಾಶ್ವತ ಸಂಗ್ರಹವಿಲ್ಲ, ಒಂದು ವಿಷಯ ಹಿಡಿದು ಪ್ರದರ್ಶನ ಕಟ್ಟುತ್ತಾರೆ. ಅಲ್ಲಿ ವಿವರಿಸಲು ನಿಂತಿರುವ ಯುವಕ ಯುವತಿಯರನ್ನು ಪ್ರಶ್ನೆ ಕೇಳದೆ ಬರಬೇಡಿ. ಹೈಸ್ಕೂಲು ದಾಟಿದ ಮಕ್ಕಳಿಗೆ ಅದು ಬಹಳ ಹಿಡಿಸುತ್ತದೆ.

ಹಂತ 9: ಜೊತೆಯಲ್ಲಿ ಯಾರಿದ್ದಾರೆ ಎಂಬುದನ್ನು ನೋಡಿ

ಚಿಕ್ಕ ಮಕ್ಕಳಿದ್ದರೆ ಒಂದು ಪೆನ್ಸಿಲ್ ಮತ್ತು ಹಾಳೆ ಕೊಟ್ಟು ಇಷ್ಟವಾದ ಒಂದೇ ವಸ್ತುವನ್ನು ಬಿಡಿಸಲು ಹೇಳಿ. ಪೆನ್ ಬೇಡ, ಶಾಯಿ ಸಿಡಿದರೆ ಅಳಿಸಲಾಗದು. ಹಿರಿಯರಿದ್ದರೆ ಕುಳಿತುಕೊಳ್ಳಲು ಎಲ್ಲೆಲ್ಲಿ ಆಸನಗಳಿವೆ, ಲಿಫ್ಟ್ ಇದೆಯೇ ಎಂದು ಮುಂಚೆಯೇ ವಿಚಾರಿಸಿ, ಕೋಟೆ ಮತ್ತು ಟಿಪ್ಪು ಅರಮನೆಯ ಮೆಟ್ಟಿಲುಗಳು ಕಡಿದಾಗಿವೆ. ಮೊಬೈಲಿನಲ್ಲಿ ಎಲ್ಲದರ ಚಿತ್ರ ತೆಗೆಯುವ ಬದಲು ವಸ್ತುವಿನದೊಂದು, ಅದರ ವಿವರಫಲಕದ್ದೊಂದು, ಹೀಗೆ ಜೋಡಿಯಾಗಿ ತೆಗೆಯಿರಿ. ಮನೆಗೆ ಬಂದ ಮೇಲೆ ಯಾವುದು ಏನೆಂದು ಗುರುತು ಸಿಗುತ್ತದೆ.

ಹಂತ 10: ಕಲ್ಲು ಬಂದ ಊರಿಗೆ

ಕೊನೆಯ ಅರ್ಧ ದಿನ ಉಳಿಸಿಕೊಂಡು ಹೊಸೂರು ರಸ್ತೆಯ ಕಡೆಯಿಂದ ಬೇಗೂರಿಗೆ ಹೋಗಿ. ಮ್ಯೂಸಿಯಂನಲ್ಲಿ ನೋಡಿದ ನಾಗತ್ತರನ ವೀರಗಲ್ಲು ಹೊರಟದ್ದು ಈ ಊರಿನಿಂದಲೇ. ಇಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಗಂಗರ ಕಾಲದ ಇನ್ನೊಂದು ಕಲ್ಲು ನಿಂತಿದೆ. ಸುಮಾರು ಕ್ರಿ.ಶ. 890ರದೆಂದು ಗುರುತಿಸಲಾಗಿರುವ ಆ ಶಾಸನ ಬೆಂಗಳೂರಿನ ಕಾಳೆಗದಲ್ಲಿ ಮಡಿದವರನ್ನು ಹೆಸರಿಸುತ್ತದೆ. ಇತಿಹಾಸ ಅಧ್ಯಯನದ ಸಂಸ್ಥೆಯಾದ ಮಿಥಿಕ್ ಸೊಸೈಟಿ ನಗರದ ಶಾಸನಗಳನ್ನು ಮೂರು ಆಯಾಮದ ಡಿಜಿಟಲ್ ಚಿತ್ರಗಳಾಗಿ ದಾಖಲಿಸುತ್ತಿದೆ, ಹೋಗುವ ಮೊದಲು ಅವನ್ನು ನೋಡಿಕೊಂಡರೆ ಅಕ್ಷರಗಳ ಪರಿಚಯವಾಗುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ, ಬಿಸಿಲು ಓರೆಯಾಗಿರುವಾಗ ಹೋಗಿ, ಮ್ಯೂಸಿಯಂನಲ್ಲಿ ಕಲಿತಂತೆ ಪಕ್ಕದಲ್ಲಿ ನಿಂತು, ಮೊದಲು ಒಂದು ಅಕ್ಷರವನ್ನು ಹುಡುಕಿ, ನಂತರ ಊರಿನ ಹೆಸರನ್ನು ಹುಡುಕಿ.